ಎಲ್1 ಟರ್ಮಿನಲ್ ಫಾಲ್ಟ್

ಎಲ್1 ಟರ್ಮಿನಲ್ ಫಾಲ್ಟ್ (ಎಲ್1ಟಿಎಫ್) ಎಂಬುದು ಇಂಟೆಲ್‌ನ ಹಲವು ಪ್ರೊಸೆಸರ್‌ಗಳಲ್ಲಿರುವ, 2018ರ ಆಗಸ್ಟ್‌ನಲ್ಲಿ ಬಹಿರಂಗಗೊಂಡ ಭದ್ರತಾ ದೋಷ. ಒಂದೇ ಸರ್ವರ್‌ನಲ್ಲಿ ಹಲವರ ವರ್ಚುವಲ್ ಯಂತ್ರಗಳು ನಡೆಯುವಾಗ, ಎಲ್1 ಕ್ಯಾಶ್‌ನಲ್ಲಿ ಉಳಿದಿರುವ ಇತರರ ದತ್ತಾಂಶವನ್ನು ಅತಿಥಿ ಯಂತ್ರವೊಂದು ಪರೋಕ್ಷವಾಗಿ ಅರಿಯಲು ಇದು ಎಡೆಮಾಡಿಕೊಡುತ್ತದೆ.

ಲಿನಕ್ಸ್‌ನಲ್ಲಿ ಪರಿಹಾರ

ಅತಿಥಿ ಯಂತ್ರವನ್ನು ಪ್ರವೇಶಿಸುವ ಮುನ್ನ, ಅಗತ್ಯವಿದ್ದಾಗ, ಲಿನಕ್ಸ್ ಕರ್ನಲ್ ಎಲ್1 ಕ್ಯಾಶ್‌ನ ದತ್ತಾಂಶವನ್ನು ತೆರವುಗೊಳಿಸುತ್ತದೆ. ಇದು ಪೂರ್ವನಿಯೋಜಿತ ಕ್ರಮ. ಆದರೆ ಒಂದು ಕೋರ್‌ನ ಎರಡು ಹೈಪರ್‌ಥ್ರೆಡ್‌ಗಳು ಆ ಕ್ಯಾಶನ್ನು ಹಂಚಿಕೊಳ್ಳುವುದರಿಂದ, ಹೈಪರ್‌ಥ್ರೆಡಿಂಗ್ ಚಾಲನೆಯಲ್ಲಿರುವವರೆಗೆ ಇಷ್ಟರಿಂದಲೇ ರಕ್ಷಣೆ ಪೂರ್ಣವಾಗದು. ಆದರೂ ಕರ್ನಲ್ ಅದನ್ನು ತಾನಾಗಿ ನಿಲ್ಲಿಸುವುದಿಲ್ಲ. ನಿರ್ವಾಹಕರ ಗಮನಕ್ಕೆ ಬಾರದೆ ನಡೆಯುವ ನವೀಕರಣದಿಂದ ಚಾಲ್ತಿಯಲ್ಲಿರುವ ವ್ಯವಸ್ಥೆಗಳು ಕೆಡಬಹುದೆಂಬುದು ಇದಕ್ಕೆ ಕರ್ನಲ್ ದಸ್ತಾವೇಜು ನೀಡುವ ಮುಖ್ಯ ಕಾರಣ. ನಂಬಿಕಸ್ಥ ಅತಿಥಿಗಳನ್ನಷ್ಟೇ ನಡೆಸುವವರಿಗೆ ಹೆಚ್ಚಿನ ಕ್ರಮದ ಅಗತ್ಯವೂ ಇಲ್ಲ. ಅಪರಿಚಿತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ಸೇವೆಗಳ ಸ್ಥಿತಿ ಬೇರೆ. ಅಪಾಯವನ್ನು ಅಳೆಯುವ ಹೊಣೆ ಅಲ್ಲಿನ ನಿರ್ವಾಹಕರದೇ.

ಯಂತ್ರ ಆರಂಭವಾಗುವಾಗ 'ಎಲ್1ಟಿಎಫ್=ಫುಲ್' ಎಂಬ ಆಯ್ಕೆ ನೀಡಿದರೆ ಹೈಪರ್‌ಥ್ರೆಡಿಂಗ್ ನಿಲ್ಲುತ್ತದೆ, ಆದರೆ ನಿರ್ವಾಹಕರು ಅದನ್ನು ಮತ್ತೆ ಚಾಲೂ ಮಾಡಬಹುದು. 'ಫುಲ್,ಫೋರ್ಸ್' ಎಂದರೆ ಆ ಅವಕಾಶವೂ ಇಲ್ಲ. ಓಪನ್‌ಬಿಎಸ್‌ಡಿ ಇದಕ್ಕೆ ವ್ಯತಿರಿಕ್ತ ನಿಲುವು ತಳೆದು, ಎಲ್1ಟಿಎಫ್ ಬಯಲಾಗುವ ಮೊದಲೇ, 2018ರ ಜೂನ್‌ನಲ್ಲಿ, ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೈಪರ್‌ಥ್ರೆಡಿಂಗನ್ನು ನಿಲ್ಲಿಸಿತ್ತು. ಬೇಕೆನ್ನುವವರು ಅದನ್ನು ತಾವೇ ಚಾಲೂ ಮಾಡಿಕೊಳ್ಳಬೇಕಿತ್ತು.