ಬರ್ಡ್ ಹಕ್ಕಿನ ಕಾಲಗಣನೆ: ಎನ್‌ಬಿಎ ಸಂಬಳ ಮಿತಿ ಮತ್ತು ಮರುಒಪ್ಪಂದ ಕುರಿತು ಒಂದು ಟಿಪ್ಪಣಿ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ 2025-26ರ ಋತುವಿಗೆ ಒಂದು ತಂಡದ ಸಂಬಳ ಮಿತಿ ಸುಮಾರು 15.46 ಕೋಟಿ ಡಾಲರ್. ಹೆಚ್ಚಿನ ತಂಡಗಳು ಈ ಮಿತಿಯನ್ನು ದಾಟಿಯೇ ಆಡುತ್ತವೆ, ಅದೂ ನಿಯಮಬದ್ಧವಾಗಿ. ಮಿತಿ ದಾಟಲು ಇರುವ ಬಾಗಿಲುಗಳಲ್ಲಿ ಅತಿ ದೊಡ್ಡದು ತನ್ನದೇ ಆಟಗಾರನೊಡನೆ ಮರುಒಪ್ಪಂದ ಮಾಡಿಕೊಳ್ಳುವ ವಿನಾಯಿತಿ. ರೂಢಿಯಲ್ಲಿ ಅದಕ್ಕೆ ‘ಬರ್ಡ್ ಹಕ್ಕು’ ಎಂದು ಹೆಸರು. ಇದನ್ನು ನಿಷ್ಠೆಗೆ ಕೊಟ್ಟ ಬಹುಮಾನ ಎಂದು ವಿವರಿಸುವುದು ವಾಡಿಕೆ. ನನ್ನ ಓದು ಬೇರೆ. ಈ ವಿನಾಯಿತಿಯ ಇತಿಹಾಸವನ್ನು ಹಿಂಬಾಲಿಸಿದರೆ ಪ್ರತಿ ತಿರುವಿನಲ್ಲೂ ತಕರಾರು ಎದ್ದಿರುವುದು ಕಾಲದ ಮೇಲೆ: ಆಟಗಾರ ಎಷ್ಟು ವರ್ಷ ಇದ್ದ, ಆ ವರ್ಷಗಳನ್ನು ಯಾರು ಎಣಿಸಿದರು, ಯಾವ ಸಹಿ ಮೊದಲು ಬಿತ್ತು. ಮೊತ್ತದ ಪ್ರಶ್ನೆ ಬಹುತೇಕ ಆಮೇಲಿನದು.

ಮೊದಲು ಹೆಸರಿನ ವಿಚಾರ. ಮಾಲೀಕರೂ ಆಟಗಾರರ ಸಂಘವೂ 1983ರಲ್ಲಿ ಒಪ್ಪಿದ ಮಿತಿ 1984-85ರ ಋತುವಿನಲ್ಲಿ ಜಾರಿಗೆ ಬಂತು. ಆಗ ಅದು 36 ಲಕ್ಷ ಡಾಲರ್. ಸ್ವಂತ ಆಟಗಾರನನ್ನು ಉಳಿಸಿಕೊಳ್ಳಲು ಮಿತಿ ಅಡ್ಡಬರಬಾರದು ಎಂಬ ವಿನಾಯಿತಿಗೆ ಬಾಸ್ಟನ್ ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಹೆಸರು ಅಂಟಿಕೊಂಡಿತು. ಅದರ ಮೊದಲ ಫಲಾನುಭವಿ ಬರ್ಡ್ ಅವರೇ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದು ನಿಲ್ಲುವ ಮಾತಲ್ಲ. ಅವರು ತಮ್ಮ ಏಳು ವರ್ಷದ ಒಪ್ಪಂದಕ್ಕೆ 1983ರಲ್ಲೇ, ಅಂದರೆ ಮಿತಿ ಜಾರಿಯಾಗುವ ಮುನ್ನವೇ, ಸಹಿ ಹಾಕಿದ್ದರು.

ಈಗಿನ ವ್ಯವಸ್ಥೆಯಲ್ಲಿ ಹಕ್ಕಿಗೆ ಮೂರು ಮೆಟ್ಟಿಲುಗಳಿವೆ. ತಂಡ ಬದಲಿಸಿ ಹೊಸ ಒಪ್ಪಂದ ಮಾಡಿಕೊಳ್ಳದೆ ಮೂರು ಋತು ಕಳೆದ ಆಟಗಾರನಿಗೆ ಅವನ ತಂಡ ಮಿತಿಯನ್ನು ಲೆಕ್ಕಿಸದೆ ಗರಿಷ್ಠ ಸಂಬಳದವರೆಗೂ ಕೊಡಬಹುದು. ಇದು ಪೂರ್ಣ ಬರ್ಡ್ ಹಕ್ಕು. ಒಪ್ಪಂದ ಐದು ವರ್ಷದವರೆಗೆ, ವಾರ್ಷಿಕ ಏರಿಕೆ ಶೇ 8ರವರೆಗೆ. ಬೇರೆ ತಂಡ ಕೊಡಬಹುದಾದದ್ದು ನಾಲ್ಕು ವರ್ಷ, ಶೇ 5ರ ಏರಿಕೆ. ಎರಡು ಋತು ಮಾತ್ರ ಆಗಿದ್ದರೆ ಅದು ‘ಅರ್ಲಿ ಬರ್ಡ್’: ಹಿಂದಿನ ಸಂಬಳದ ಶೇ 175 ಅಥವಾ ಲೀಗಿನ ಸರಾಸರಿ ಸಂಬಳದ ಶೇ 105, ಯಾವುದು ಹೆಚ್ಚೋ ಅದು. ಒಂದೇ ಋತುವಾದರೆ ‘ನಾನ್-ಬರ್ಡ್’. ಹಿಂದಿನ ಸಂಬಳದ ಶೇ 120ರ ಆಸುಪಾಸಿಗೆ ಮಾತು ಮುಗಿಯುತ್ತದೆ. ಗಮನಿಸಬೇಕಾದ ಅಂಶವೆಂದರೆ, ನಡುವೆ ಬೇರೆ ತಂಡಕ್ಕೆ ಟ್ರೇಡ್ ಆದರೂ ವರ್ಷಗಳ ಎಣಿಕೆ ಸಾಮಾನ್ಯವಾಗಿ ಕಡಿಯುವುದಿಲ್ಲ. ಆಟಗಾರನ ಜೊತೆ ಅವನ ವರ್ಷಗಳೂ ಹೊಸ ತಂಡಕ್ಕೆ ಹೋಗುತ್ತವೆ. ನಿಷ್ಠೆಯೇ ಆಧಾರವಾಗಿದ್ದರೆ ಈ ಏರ್ಪಾಡಿಗೆ ಅರ್ಥವೇ ಇರುತ್ತಿರಲಿಲ್ಲ.

ವರ್ಷಗಳ ಈ ಎಣಿಕೆ ಮೊದಲಿನಿಂದ ಇದ್ದದ್ದಲ್ಲ. 1993ರಲ್ಲಿ ಕ್ರಿಸ್ ಡಡ್ಲಿ ನ್ಯೂಜೆರ್ಸಿ ನೆಟ್ಸ್ ಬಿಟ್ಟು ಪೋರ್ಟ್‌ಲ್ಯಾಂಡ್ ಸೇರಿದರು. ಮಿತಿಯೊಳಗೆ ಪೋರ್ಟ್‌ಲ್ಯಾಂಡ್ ಬಳಿ ಉಳಿದಿದ್ದ ಜಾಗ ಕಡಿಮೆ. ಹಾಗಾಗಿ ಸಣ್ಣ ಸಂಬಳದ ಏಳು ವರ್ಷದ ಒಪ್ಪಂದ. ಆದರೆ ಒಂದೇ ವರ್ಷದ ಬಳಿಕ ಹೊರಬರುವ ಅವಕಾಶ ಅದರಲ್ಲೇ ಇತ್ತು. ಹೊರಬಂದ ಕೂಡಲೇ ಅವರು ತಂಡದ ‘ಸ್ವಂತ’ ಆಟಗಾರ. ಆಮೇಲೆ ಎಷ್ಟು ಬೇಕಾದರೂ ಕೊಡಬಹುದು. ಲೀಗ್ ಇದನ್ನು ತಿರಸ್ಕರಿಸಿತು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ಡಡ್ಲಿ ಗೆದ್ದರು. ಮೂರು ವರ್ಷದ ನಿಯಮವನ್ನು ಅರ್ಥಮಾಡಿಕೊಳ್ಳಲು ಈ ತೀರ್ಪನ್ನು ಎದುರಿಗಿಟ್ಟುಕೊಳ್ಳಲೇಬೇಕು ಎಂದು ನಾನು ಭಾವಿಸುತ್ತೇನೆ. ‘ಸ್ವಂತ’ ಎಂಬ ಪದಕ್ಕೆ ಕಾಲದ ಅಳತೆ ಇಲ್ಲದಿದ್ದರೆ ಮಿತಿ ಎಂಬುದೇ ಉಳಿಯುವುದಿಲ್ಲ ಎಂಬುದನ್ನು ಅದು ಬಯಲು ಮಾಡಿತ್ತು.

ಇನ್ನೊಂದು ತುದಿಯಲ್ಲಿ ಮೈಕಲ್ ಜೋರ್ಡನ್ ಇದ್ದರು. 1996-97ರಲ್ಲಿ ಶಿಕಾಗೊ ಬುಲ್ಸ್ ಅವರೊಬ್ಬರಿಗೇ 3.01 ಕೋಟಿ ಡಾಲರ್ ಕೊಟ್ಟಿತು. ಆ ವರ್ಷ ಇಡೀ ತಂಡದ ಮಿತಿ 2.44 ಕೋಟಿ. 1998-99ರ ಲಾಕೌಟ್ ಬಳಿಕ ಬಂದ ಒಪ್ಪಂದ ವೈಯಕ್ತಿಕ ಗರಿಷ್ಠ ಸಂಬಳವನ್ನು ನಿಗದಿಮಾಡಿ ಆ ತುದಿಯನ್ನು ಮುಚ್ಚಿತು. ಮೊತ್ತದ ಜಗಳ ಬಹುಮಟ್ಟಿಗೆ ಅಲ್ಲಿಗೆ ತೀರಿತು. ಕಾಲದ ಜಗಳ ತೀರಲಿಲ್ಲ.

ಕಾಲವನ್ನು ಕದಿಯಲು ಹೊರಟವರ ಪ್ರಕರಣ ಮಿನೆಸೋಟ ಟಿಂಬರ್‌ವುಲ್ವ್ಸ್‌ನದು. 1999ರ ಆರಂಭದಲ್ಲಿ ಜೋ ಸ್ಮಿತ್ ತಮ್ಮ ಯೋಗ್ಯತೆಗಿಂತ ಬಹಳ ಕಡಿಮೆಯಾದ 17.5 ಲಕ್ಷ ಡಾಲರಿಗೆ ಒಂದು ವರ್ಷದ ಒಪ್ಪಂದ ಮಾಡಿಕೊಂಡರು. ಹಿಂದೆ ಒಂದು ಗುಪ್ತ ಬರಹವಿತ್ತು: ಹೀಗೆ ಒಂದೊಂದೇ ವರ್ಷದ ಮೂರು ಸಣ್ಣ ಒಪ್ಪಂದ, ಪೂರ್ಣ ಬರ್ಡ್ ಹಕ್ಕು ಕೈಗೆ ಬಂದ ಮೇಲೆ 8.6 ಕೋಟಿಯವರೆಗಿನ ದೊಡ್ಡ ಒಪ್ಪಂದ. ಏಜೆಂಟರ ನಡುವಿನ ವ್ಯಾಜ್ಯವೊಂದರಲ್ಲಿ ಆ ಕಾಗದ ಹೊರಬಿತ್ತು. 2000ರಲ್ಲಿ ಕಮಿಷನರ್ ಡೇವಿಡ್ ಸ್ಟರ್ನ್ 35 ಲಕ್ಷ ಡಾಲರ್ ದಂಡ ಹಾಕಿದರು, ಐದು ವರ್ಷದ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನು ಕಿತ್ತುಕೊಂಡರು. (ಅವುಗಳಲ್ಲಿ ಎರಡನ್ನು ಮುಂದೆ ಹಿಂದಿರುಗಿಸಲಾಯಿತು.) ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಶಿಕ್ಷೆ: ಸ್ಮಿತ್ ಅವರ ಒಪ್ಪಂದಗಳನ್ನೇ ರದ್ದುಮಾಡಿ, ಅವುಗಳಿಂದ ಕೂಡಿಬಂದ ವರ್ಷಗಳನ್ನು ಅಳಿಸಲಾಯಿತು. ಆಡಿದ ಪಂದ್ಯಗಳು ದಾಖಲೆಯಲ್ಲಿ ಉಳಿದವು. ಹಕ್ಕಿನ ಲೆಕ್ಕದಲ್ಲಿ ಆ ಕಾಲ ಶೂನ್ಯವಾಯಿತು. ಸ್ಮಿತ್ ಡೆಟ್ರಾಯಿಟ್‌ಗೆ ಹೋಗಬೇಕಾಯಿತು.

ಮೋಸವಿಲ್ಲದೆಯೂ ಒಂದು ವರ್ಷದ ಕೊರತೆ ಏನು ಮಾಡಬಲ್ಲದು ಎಂಬುದಕ್ಕೆ ಎರಡು ಪ್ರಕರಣಗಳನ್ನು ಒಟ್ಟಿಗೆ ಓದಬೇಕು. ಎರಡನೇ ಸುತ್ತಿನಲ್ಲಿ ಆಯ್ಕೆಯಾಗುವ ಹುಡುಗರಿಗೆ ಮೊದಲ ಒಪ್ಪಂದ ಚಿಕ್ಕದು. ಹಾಗಾಗಿ ಅವರು ಬೇಗ ಮಾರುಕಟ್ಟೆಗೆ ಬರುತ್ತಾರೆ. ಗಿಲ್ಬರ್ಟ್ ಅರೀನಾಸ್ 2001ರಲ್ಲಿ ಗೋಲ್ಡನ್ ಸ್ಟೇಟ್ ಸೇರಿ ಎರಡೇ ವರ್ಷದಲ್ಲಿ ತಾರೆಯಾದರು. 2003ರಲ್ಲಿ ತಂಡದ ಬಳಿ ಇದ್ದದ್ದು ಅರ್ಲಿ ಬರ್ಡ್ ಮಾತ್ರ, ಅಂದರೆ ಸರಾಸರಿ ಸಂಬಳದ ಆಸುಪಾಸು. ವಾಷಿಂಗ್ಟನ್ ಆರು ವರ್ಷಕ್ಕೆ 6 ಕೋಟಿಗೂ ಹೆಚ್ಚು ಮುಂದಿಟ್ಟಾಗ ಗೋಲ್ಡನ್ ಸ್ಟೇಟ್ ಸಮನಾಗಿ ಕೊಡಲಾರದೆ ಹೋಯಿತು. ಮರುವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಲೋಸ್ ಬೂಝರ್ ಅವರ ಸರದಿ. ಸುಮಾರು 7 ಲಕ್ಷ ಡಾಲರಿಗೆ ಅವರನ್ನು ಇನ್ನೊಂದು ವರ್ಷ ಉಳಿಸಿಕೊಳ್ಳುವ ಆಯ್ಕೆ ತಂಡದ ಕೈಯಲ್ಲೇ ಇತ್ತು. ಅದನ್ನು ಬಿಟ್ಟುಕೊಟ್ಟು ದೀರ್ಘ ಒಪ್ಪಂದಕ್ಕೆ ತಂಡ ಕಾದಿತು. ಅರ್ಲಿ ಬರ್ಡ್ ಪ್ರಕಾರ ಕೊಡಬಹುದಾದದ್ದು ಆರು ವರ್ಷಕ್ಕೆ ಸುಮಾರು 4 ಕೋಟಿ. ಯೂಟಾ ಕೊಟ್ಟದ್ದು ಸುಮಾರು 6.8 ಕೋಟಿ. ಆಗ ಯಾರು ಯಾರಿಗೆ ಏನು ಮಾತು ಕೊಟ್ಟಿದ್ದರು ಎಂಬ ಚರ್ಚೆಯಲ್ಲೇ ಈ ಪ್ರಕರಣ ಮುಳುಗಿಹೋಗಿದೆ. ನಿಯಮದ ಕಣ್ಣಿಂದ ನೋಡಿದರೆ ವಿಷಯ ಸರಳ: ಆ ಅಗ್ಗದ ವರ್ಷವನ್ನು ಉಳಿಸಿಕೊಂಡಿದ್ದರೆ 2005ರಲ್ಲಿ ಬೂಝರ್ ಸಂಪೂರ್ಣ ಸ್ವತಂತ್ರರಾಗುತ್ತಿದ್ದರು ನಿಜ, ಆದರೆ ಮೂರನೇ ವರ್ಷ ತುಂಬಿ ಪೂರ್ಣ ಬರ್ಡ್ ಹಕ್ಕು ಕ್ಲೀವ್‌ಲ್ಯಾಂಡ್ ಕೈಸೇರುತ್ತಿತ್ತು.

2005ರ ಸಾಮೂಹಿಕ ಚೌಕಾಸಿ ಒಪ್ಪಂದದಲ್ಲಿ ‘ಅರೀನಾಸ್ ನಿಯಮ’ ಬಂತು. ಒಂದೆರಡು ವರ್ಷವಷ್ಟೇ ಆಡಿದ ಇಂಥ ಆಟಗಾರನಿಗೆ ಹೊರಗಿನ ತಂಡ ಮೊದಲ ವರ್ಷ ಕೊಡಬಹುದಾದ ಸಂಬಳಕ್ಕೆ ಅದು ಕಡಿವಾಣ ಹಾಕಿತು. ಆದರೆ ಮೂರನೇ ವರ್ಷ ಸಂಬಳ ಜಿಗಿಯಬಹುದು. 2012ರಲ್ಲಿ ನ್ಯೂಯಾರ್ಕ್ ನಿಕ್ಸ್‌ನ ಜೆರೆಮಿ ಲಿನ್ ಅವರಿಗೆ ಹ್ಯೂಸ್ಟನ್ ಇಟ್ಟದ್ದು ಇಂಥದೇ ಒಪ್ಪಂದ: ಮೂರು ವರ್ಷಕ್ಕೆ ಸುಮಾರು 2.5 ಕೋಟಿ, ಅದರಲ್ಲಿ ಮೂರನೇ ವರ್ಷದ್ದೇ ಸುಮಾರು 1.5 ಕೋಟಿ. ಅದೇ ಬೇಸಿಗೆಯಲ್ಲಿ ಆಟಗಾರರ ಸಂಘ ಇನ್ನೊಂದು ಪ್ರಶ್ನೆ ಎತ್ತಿತ್ತು: ಹಿಂದಿನ ತಂಡ ಕೈಬಿಟ್ಟಾಗ ವೇವರ್ ಮೂಲಕ ಲಿನ್ ಅವರನ್ನು ನಿಕ್ಸ್ ಪಡೆದುಕೊಂಡಿತ್ತಲ್ಲ, ಆಗ ಅವರ ವರ್ಷಗಳ ಎಣಿಕೆ ಕಡಿಯಿತೇ? ಮಧ್ಯಸ್ಥಗಾರ ಕೆನೆತ್ ಡ್ಯಾಮ್ ಕಡಿಯಲಿಲ್ಲ ಎಂದು ತೀರ್ಪಿತ್ತರು. ಹಕ್ಕು ಉಳಿಯಿತು. ನಿಕ್ಸ್ ಅದನ್ನು ಬಳಸಲಿಲ್ಲ. ಲಿನ್ ಹ್ಯೂಸ್ಟನ್‌ಗೆ ಹೋದರು. ಬರ್ಡ್ ಹಕ್ಕು ತಂಡಕ್ಕೆ ಕೊಡಲು ಇರುವ ಅನುಮತಿ, ಆಟಗಾರನಿಗೆ ಸಿಗಲೇಬೇಕಾದ ಸಂಬಳವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಸಹಿಗಳ ಕ್ರಮ. ಒಪ್ಪಂದ ಮುಗಿದ ಆಟಗಾರನ ಮೇಲಿನ ಹಕ್ಕನ್ನು ತಂಡ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಅವನು ಸಹಿ ಹಾಕುವವರೆಗೆ ಒಂದು ತಾತ್ಕಾಲಿಕ ಮೊತ್ತ ತಂಡದ ಲೆಕ್ಕದಲ್ಲಿ ಕೂತಿರುತ್ತದೆ. ಅದೇ ‘ಕ್ಯಾಪ್ ಹೋಲ್ಡ್’. ಹಿಂದಿನ ಸಂಬಳದ ಇಂತಿಷ್ಟು ಪಾಲು ಎಂದು ಅದನ್ನು ಕಟ್ಟುವುದರಿಂದ, ಮೊದಲ ಸುತ್ತಿನ ಯುವ ಆಟಗಾರನ ವಿಷಯದಲ್ಲಿ ಈ ಮೊತ್ತ ಅವನ ಮುಂದಿನ ಸಂಬಳಕ್ಕಿಂತ ತೀರಾ ಕಡಿಮೆ ಇರಬಹುದು. ಈ ಅಂತರದಲ್ಲೇ ಒಂದು ತಂಡ ಕಟ್ಟಬಹುದು.

2015ರ ಬೇಸಿಗೆಯಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಮಾಡಿದ್ದು ಅದನ್ನೇ. ಕವಾಯ್ ಲೆನಾರ್ಡ್ ಅವರ ಹಿಂದಿನ ಸಂಬಳ ಸುಮಾರು 29 ಲಕ್ಷ ಡಾಲರ್. ಅದರ ಎರಡೂವರೆ ಪಟ್ಟು, ಅಂದರೆ ಸುಮಾರು 72 ಲಕ್ಷ, ಅವರ ಹೋಲ್ಡ್. ಹೊಸ ಒಪ್ಪಂದದ ಮೊದಲ ವರ್ಷದ ಸಂಬಳ ಸುಮಾರು 1.64 ಕೋಟಿ. ಲೆನಾರ್ಡ್ ಮೊದಲೇ ಸಹಿ ಹಾಕಿದ್ದರೆ 92 ಲಕ್ಷದಷ್ಟು ಜಾಗ ಮಾಯವಾಗುತ್ತಿತ್ತು. ಅವರು ಕಾದರು. ಸ್ಪರ್ಸ್ ಟಿಯಾಗೊ ಸ್ಪ್ಲಿಟರ್ ಅವರನ್ನು ಅಟ್ಲಾಂಟಾಗೆ ಕಳಿಸಿ ಇನ್ನಷ್ಟು ಜಾಗ ಮಾಡಿಕೊಂಡಿತು, ಲಮಾರ್ಕಸ್ ಆಲ್ಡ್ರಿಜ್ ಅವರಿಗೆ ನಾಲ್ಕು ವರ್ಷಕ್ಕೆ 8 ಕೋಟಿಗೂ ಹೆಚ್ಚಿನ ಒಪ್ಪಂದ ಕೊಟ್ಟಿತು. ಅದಾದ ಮೇಲೆ ಬರ್ಡ್ ಹಕ್ಕಿನಿಂದ ಮಿತಿ ದಾಟಿ ಲೆನಾರ್ಡ್ ಅವರ ಸಹಿ ಪಡೆಯಿತು. ಅವೇ ಎರಡು ಸಹಿಗಳು ಹಿಂದುಮುಂದಾಗಿದ್ದರೆ ಆಲ್ಡ್ರಿಜ್‌ಗೆ ಕೊಡಲು ಜಾಗವೇ ಇರುತ್ತಿರಲಿಲ್ಲ. 2024ರಲ್ಲಿ ಫಿಲಡೆಲ್ಫಿಯಾ ಇದೇ ದಾರಿ ಹಿಡಿಯಿತು: ಟೈರೀಸ್ ಮ್ಯಾಕ್ಸಿ ಅವರ ಹೋಲ್ಡ್ ಸುಮಾರು 1.3 ಕೋಟಿ, ಮುಂದಿನ ಸಂಬಳ ಸುಮಾರು 3.5 ಕೋಟಿ, ನಡುವಿನ ಅಂತರ ಪಾಲ್ ಜಾರ್ಜ್ ಅವರ 21.2 ಕೋಟಿಯ ನಾಲ್ಕು ವರ್ಷದ ಒಪ್ಪಂದಕ್ಕೆ ನೆರವಾಯಿತು. ಕಾಯುವ ಅಪಾಯವನ್ನು ಹೊತ್ತವರು ಮಾತ್ರ ಎರಡೂ ಬಾರಿ ಆಟಗಾರರೇ. ಒಂದು ಋತು ಮೊದಲೇ ಸಹಿ ಹಾಕಬಹುದಿದ್ದ ಮ್ಯಾಕ್ಸಿ ಗಾಯಗೊಂಡಿದ್ದರೆ ಮುಂದೆ ಅವರಿಗೆ ಸಿಕ್ಕ ಒಟ್ಟು 20.4 ಕೋಟಿಗೆ ಯಾವ ಬರಹದ ಭರವಸೆಯೂ ಇರಲಿಲ್ಲ. ಜೋ ಸ್ಮಿತ್ ಪ್ರಕರಣದ ಬಳಿಕ ಅಂಥ ಬರಹ ಇರುವಂತೆಯೂ ಇಲ್ಲ. ಈ ತಂತ್ರವನ್ನು ಹೊಗಳುವ ಲೇಖನಗಳು ಇದನ್ನು ಗಮನಿಸುವುದು ಕಡಿಮೆ, ಅದು ನನಗೆ ಬೇಸರ ತರಿಸುತ್ತದೆ.

ಹಕ್ಕಿದ್ದೂ ಆಟಗಾರ ಹೊರಟುಹೋದರೆ ತಂಡಕ್ಕೆ ಏನು ಉಳಿಯುತ್ತದೆ? ಮಿತಿ ದಾಟಿದ ತಂಡಕ್ಕೆ ಏನೂ ಉಳಿಯುವುದಿಲ್ಲ. 2022ರಲ್ಲಿ ಜೇಲನ್ ಬ್ರನ್ಸನ್ ಡಲ್ಲಾಸ್ ಬಿಟ್ಟು ನಾಲ್ಕು ವರ್ಷ 10.4 ಕೋಟಿಗೆ ನ್ಯೂಯಾರ್ಕ್ ಸೇರಿದರು. ಡಲ್ಲಾಸ್ ಬಳಿ ಪೂರ್ಣ ಬರ್ಡ್ ಹಕ್ಕಿತ್ತು, ಗರಿಷ್ಠ ಸಂಬಳದವರೆಗೆ ಎಷ್ಟು ಬೇಕಾದರೂ ಕೊಡಬಹುದಿತ್ತು. ಅವರು ಹೋದ ಮೇಲೆ ಆ ಹಣವನ್ನು ಇನ್ನೊಬ್ಬ ಆಟಗಾರನ ಮೇಲೆ ಹೂಡುವಂತಿರಲಿಲ್ಲ, ಯಾಕೆಂದರೆ ಮಿತಿಯೊಳಗೆ ಅಂಥ ಜಾಗ ಎಂದೂ ಇರಲೇ ಇಲ್ಲ. ಅದಕ್ಕೂ ಹಿಂದೆ ಸುಮಾರು 5.55 ಕೋಟಿಗೆ ಒಪ್ಪಂದ ವಿಸ್ತರಿಸಬಹುದಾಗಿದ್ದ ಕಾಲ ಕಳೆದುಹೋಗಿತ್ತು.

2023ರ ಸಾಮೂಹಿಕ ಚೌಕಾಸಿ ಒಪ್ಪಂದ ಬರ್ಡ್ ಹಕ್ಕನ್ನು ಮುಟ್ಟಲಿಲ್ಲ, ಅದನ್ನು ಬಳಸಿದ ಮೇಲಿನ ಬದುಕನ್ನು ಬದಲಿಸಿತು. ‘ಎರಡನೇ ಏಪ್ರನ್’ ಎಂಬ ಗೆರೆ 2025-26ಕ್ಕೆ ಸುಮಾರು 20.78 ಕೋಟಿ ಡಾಲರ್. ಅದನ್ನು ದಾಟಿದ ತಂಡ ಈಗಲೂ ಸ್ವಂತ ಆಟಗಾರರನ್ನು ಉಳಿಸಿಕೊಳ್ಳಬಹುದು. ಆದರೆ ಹಲವರ ಸಂಬಳ ಕೂಡಿಸಿ ಒಬ್ಬನನ್ನು ಟ್ರೇಡ್‌ನಲ್ಲಿ ತರುವಂತಿಲ್ಲ, ಟ್ರೇಡ್‌ನಲ್ಲಿ ಹಣ ಕಳಿಸುವಂತಿಲ್ಲ, ಹೊರಗಿನವರಿಗೆ ಕೊಡುವ ಮಿಡ್-ಲೆವೆಲ್ ವಿನಾಯಿತಿಯೂ ಇಲ್ಲ. ಮೇಲೆ ಲಕ್ಷುರಿ ಟ್ಯಾಕ್ಸ್. 2024ರ ಚಾಂಪಿಯನ್ ಬಾಸ್ಟನ್ ಮರುವರ್ಷವೇ ಜ್ರೂ ಹಾಲಿಡೇ ಅವರನ್ನು ಪೋರ್ಟ್‌ಲ್ಯಾಂಡ್‌ಗೆ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅವರನ್ನು ಅಟ್ಲಾಂಟಾಗೆ ಬಿಟ್ಟುಕೊಟ್ಟಿತು. ಆಲ್ ಹಾರ್ಫರ್ಡ್ ಗೋಲ್ಡನ್ ಸ್ಟೇಟ್‌ಗೆ ಹೊರಟರು. ಬರ್ಡ್ ಅವರ ತಂಡದಲ್ಲೇ, ಹಾರ್ಫರ್ಡ್ ಮೇಲಿನ ಬರ್ಡ್ ಹಕ್ಕು ಬಳಕೆಯಾಗದೆ ಹೋಯಿತು.

ಆಟಗಾರರು ಈ ಬದಲಾವಣೆಯನ್ನು ಹೇಗೆ ಓದುತ್ತಿದ್ದಾರೆ ಎಂಬುದಕ್ಕೆ ಮತ್ತೆ ಬ್ರನ್ಸನ್ ಅವರನ್ನೇ ನೋಡಬೇಕು. 2024ರ ಜುಲೈನಲ್ಲಿ ಅವರು ನಿಕ್ಸ್ ಜೊತೆ ನಾಲ್ಕು ವರ್ಷ 15.65 ಕೋಟಿಯ ವಿಸ್ತರಣೆಗೆ ಸಹಿ ಹಾಕಿದರು. ಒಂದು ವರ್ಷ ಕಾದು 2025ರಲ್ಲಿ ಬರ್ಡ್ ಹಕ್ಕಿನಡಿ ಮರುಒಪ್ಪಂದ ಮಾಡಿಕೊಂಡಿದ್ದರೆ ಐದು ವರ್ಷಕ್ಕೆ ಸುಮಾರು 26.9 ಕೋಟಿ ಸಿಗುವ ಅವಕಾಶವಿತ್ತು. ಮೂರು ವರ್ಷ ತುಂಬಲು ಅವರಿಗೆ ಬೇಕಿದ್ದದ್ದು ಇನ್ನೊಂದೇ ಋತು.