ಏಳು ಗೋಲು ಹೊಡೆಸಿಕೊಂಡವರು ಕಪ್ ತಂದರು

2022ರ ಏಪ್ರಿಲ್ 28. ಕೇರಳದ ಮಂಜೇರಿಯಲ್ಲಿ ಸಂತೋಷ್ ಟ್ರೋಫಿ ಫುಟ್‌ಬಾಲ್ ಸೆಮಿಫೈನಲ್. ಮೊದಲ ಗೋಲು ಹೊಡೆದದ್ದು ಕರ್ನಾಟಕವೇ. ಆಮೇಲೆ ಕೇರಳದವರು ಜೆಸಿನ್ ಅನ್ನೋ ಹುಡುಗನನ್ನು ಬದಲಿ ಆಟಗಾರನಾಗಿ ಇಳಿಸಿದರು. ಅವನೊಬ್ಬನೇ ಐದು ಗೋಲು ಹೊಡೆದ. ಆಟ ಮುಗಿದಾಗ ಲೆಕ್ಕ 7-3.

ಇನ್ನೊಂದು ತಾರೀಖು ನೋಡಿ. 2023ರ ಮಾರ್ಚ್ 4, ಸೌದಿ ಅರೇಬಿಯಾದ ರಿಯಾದ್. ಅದೇ ಟ್ರೋಫಿಯ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ ಎತ್ತಿತು. ನಡುವೆ ಇದ್ದದ್ದು ಹತ್ತೇ ತಿಂಗಳು.

ಇದು ಅದೃಷ್ಟವೋ, ಅಲ್ಲವೋ? ಸೋಲುವ ತಂಡ ಗೆಲ್ಲುವ ತಂಡ ಆಗೋಕೆ ಸಾಧ್ಯವೇ ಅನ್ನೋ ವಾದ ನಂಜನಗೂಡಿನ ಟೀ ಅಂಗಡಿಯಲ್ಲೂ ನಡೆಯುತ್ತೆ, ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲೂ ನಡೆಯುತ್ತೆ. ನಮ್ಮ ಕಡೆ ಅದು ಹೆಚ್ಚಾಗಿ ಕ್ರಿಕೆಟ್ ವಾದ. 'ಈ ಸಲ ಕಪ್ ನಮ್ದೇ' ಅಂತ ಹದಿನೆಂಟು ಸೀಸನ್ ಕಾದು, 2025ರ ಜೂನ್ 3ರಂದು ಆರ್‌ಸಿಬಿ ಗೆದ್ದಾಗ ಹಳ್ಳಿಹಳ್ಳಿಯಲ್ಲಿ ಪಟಾಕಿ ಹೊಡೆದೆವು. ಆದರೆ ರಾಜ್ಯದ ಫುಟ್‌ಬಾಲ್ ತಂಡ ಕಾದದ್ದು 54 ವರ್ಷ. ಅದಕ್ಕೆ ಘೋಷಣೆಯೂ ಇರಲಿಲ್ಲ, ಪಟಾಕಿಯೂ ಇರಲಿಲ್ಲ.

ಸಂತೋಷ್ ಟ್ರೋಫಿ ಅಂದರೆ ರಾಜ್ಯ ತಂಡಗಳ ನಡುವಿನ ಪಂದ್ಯಾವಳಿ. 1941ರಲ್ಲಿ ಶುರುವಾಯಿತು. ಹೆಸರಿಗೂ ಖುಷಿಗೂ ಸಂಬಂಧವಿಲ್ಲ, ಸಂತೋಷ್ ಅನ್ನೋದು ಬಂಗಾಳದ ಒಂದು ಜಮೀನ್ದಾರಿ ಊರು. ಅದರ ಮಹಾರಾಜರ ಹೆಸರಿನಲ್ಲಿ ಕಪ್ ಕೊಡುತ್ತಾರೆ. 1946-47ರಲ್ಲಿ ಅದನ್ನು ಗೆದ್ದದ್ದು ಮೈಸೂರು. ಆಗ ನಂಜನಗೂಡು, ನರಸೀಪುರದವರಿಗೂ ಅದು 'ನಮ್ಮ ಸಂಸ್ಥಾನದ' ತಂಡ. ಆಮೇಲೆ 1952-53, 1967-68, 1968-69. ಒಟ್ಟು ನಾಲ್ಕು ಸಲ, ನಾಲ್ಕೂ ಸಲ ಫೈನಲ್‌ನಲ್ಲಿ ಸೋತವರು ಬಂಗಾಳದವರು! ಫುಟ್‌ಬಾಲ್ ಅಂದರೆ ಕಲ್ಕತ್ತಾ ಅನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆ ಆಟಗಾರರು ಎಲ್ಲಿಂದ ಬಂದರು? ಹೆಚ್ಚಿನವರು ಬೆಂಗಳೂರಿನ ದಂಡು ಪ್ರದೇಶದ ಸುತ್ತಮುತ್ತಲ ಬಡ ಬೀದಿಗಳಿಂದ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ. ಬ್ರಿಟಿಷ್ ಸಿಪಾಯಿಗಳು ಆಡೋದನ್ನು ನೋಡಿ ಕಲಿತು, ಬರಿಗಾಲಲ್ಲಿ ಆಡಿದವರು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಿತಲ್ಲ, ಆ ಒಂದು ಗೋಲು, ಅಂದರೆ ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಅದೇ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಐವರಿಗೆ ಜನ 'ಪಂಚಪಾಂಡವರು' ಅಂತಲೇ ಹೆಸರಿಟ್ಟಿದ್ದರು, ಅದರಲ್ಲಿ ಇವರೂ ಒಬ್ಬರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಬೆಂಗಳೂರಿನವರು, ಅವರೂ ಹೆಸರು ಮಾಡಿದ್ದು ಕಲ್ಕತ್ತಾದಲ್ಲೇ. ಬೆಳೆ ನಮ್ಮದು, ಸಂತೆ ಅವರದು.

ತಪ್ಪೇನೂ ಇಲ್ಲ. ದುಡ್ಡು ಅಲ್ಲಿತ್ತು, ನೋಡುವ ಜನ ಅಲ್ಲಿದ್ದರು. ಇಲ್ಲೇ ಉಳಿದವರಿಗೆ ಆಸರೆಯಾದದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐ ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಹುಡುಗನೊಬ್ಬ ಚೆನ್ನಾಗಿ ಆಡಿದರೆ ಕಾಯಂ ನೌಕರಿ ಸಿಗುತ್ತೆ ಅನ್ನೋ ಆಸೆ ಅಪ್ಪ ಅಮ್ಮನಿಗೂ ಇರುತ್ತಿತ್ತು. ಆ ಆಸೆ ಹೋದ ಮೇಲೆ ಮೈದಾನಕ್ಕೆ ಯಾರು ಕಳಿಸುತ್ತಾರೆ? ಐಟಿಐ ಸೊರಗಿತು. ಎಚ್‌ಎಎಲ್ ತಂಡ ಐ-ಲೀಗ್‌ವರೆಗೂ ಹೋಗಿ 2012ರಲ್ಲಿ ಕೆಳಗಿಳಿಯಿತು. ರಾಜ್ಯ ತಂಡದ ಕಥೆಯೂ ಅದೇ. 1975-76ರ ಫೈನಲ್‌ನಲ್ಲಿ ಬಂಗಾಳಕ್ಕೆ ಸೋತದ್ದೇ ಕೊನೆ, ಮತ್ತೆ 47 ವರ್ಷ ಫೈನಲ್ ಮುಖ ನೋಡಲಿಲ್ಲ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ ಆ ಹೆಸರಿನಲ್ಲಿ ಒಂದೂ ಕಪ್ ಇರಲಿಲ್ಲ. ರಿಯಾದ್‌ನಲ್ಲಿ ಸಿಕ್ಕಿದ್ದೇ ಮೊದಲನೆಯದು.

ಹಾಗಾದರೆ 2023ರಲ್ಲಿ ಏನಾಯಿತು? ಏಳು ಗೋಲಿನ ಸೋಲನ್ನೇ ನೋಡುವವರು ಒಂದು ವಿಷಯ ಮರೆಯುತ್ತಾರೆ. ಅವತ್ತು ಸೋತದ್ದು ಸೆಮಿಫೈನಲ್‌ನಲ್ಲಿ. ಅಂದರೆ ಮೆಟ್ಟಿಲು ಹತ್ತೋದು ಆಗಲೇ ಶುರುವಾಗಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತ್ತು. ಅಕಾಡೆಮಿಗಳು ಬಂದವು, ಸೂಪರ್ ಡಿವಿಷನ್ ಲೀಗ್‌ನಲ್ಲಿ ಪೈಪೋಟಿ ಹೆಚ್ಚಿತು. ಒಂದು ಕಾಲಕ್ಕೆ ಬೆಂಗಳೂರಿನ ಹುಡುಗರು ಕಲ್ಕತ್ತಾಗೆ ರೈಲು ಹತ್ತುತ್ತಿದ್ದರು, ಈಗ ಬೇರೆ ರಾಜ್ಯದ ಹುಡುಗರು ಬೆಂಗಳೂರಿಗೆ ಆಡೋಕೆ ಬರುತ್ತಾರೆ. 'ಇವರೆಲ್ಲ ನಮ್ಮವರಾ?' ಅಂತ ಮೂಗು ಮುರಿಯುವವರಿದ್ದಾರೆ. ಅಹ್ಮದ್ ಖಾನರನ್ನು ಕಲ್ಕತ್ತಾದವರು ಹಾಗೆ ಕೇಳಿದ್ದರೆ?

ತರಬೇತುದಾರ ರವಿ ಬಾಬು ರಾಜು ಅವರ ತಂಡ ಆ ವರ್ಷ ಗುಂಪು ಹಂತದಲ್ಲಿ ಕೇರಳವನ್ನು 1-0ರಿಂದ ಸೋಲಿಸಿತು. ಹಿಂದಿನ ವರ್ಷದ ಚಾಂಪಿಯನ್ನರು ಅಲ್ಲೇ ಮನೆಗೆ ಹೋದರು. ಸೆಮಿಫೈನಲ್‌ನಲ್ಲಿ ಸರ್ವಿಸಸ್ ಮೇಲೆ 3-1. ಫೈನಲ್‌ನಲ್ಲಿ ಶುರುವಿನಲ್ಲೇ ಸುನಿಲ್ ಕುಮಾರ್ ಗೋಲು, ಮೇಘಾಲಯ ಸಮ ಮಾಡಿದ ಮೇಲೆ ಬೇಕಿ ಓರಾಂ ಇನ್ನೊಂದು, ವಿರಾಮಕ್ಕೆ ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್‌ನಲ್ಲಿ ಮೂರನೆಯದು.

ಒಂದು ಕಪ್ ಗೆದ್ದ ಮಾತ್ರಕ್ಕೆ ದೊಡ್ಡ ತಂಡ ಆಗಿಬಿಡುತ್ತಾ ಅನ್ನೋರ ಮಾತಿನಲ್ಲೂ ಹುರುಳಿದೆ. ಮರುವರ್ಷ ಕರ್ನಾಟಕ ಸೆಮಿಫೈನಲ್‌ಗೂ ಬರಲಿಲ್ಲ. ಬೆಂಗಳೂರು ಎಫ್‌ಸಿಯನ್ನೇ ನೋಡಿ. ಐಎಸ್‌ಎಲ್‌ನ 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಮುಂದಿನ ಸೀಸನ್‌ನಲ್ಲಿ ಫೈನಲ್, ಅಲ್ಲಿ ಮೋಹನ್ ಬಾಗಾನ್ ಎದುರು 2-1ರ ಸೋಲು. ಏರೋದೂ ಬೇಗ, ಇಳಿಯೋದೂ ಬೇಗ. ಹತ್ತನೇ ಸ್ಥಾನದ ತಂಡ ವರ್ಷದೊಳಗೆ ಎದ್ದದ್ದು ಸಂಬಳ, ಮೈದಾನ, ಅಭ್ಯಾಸ ಮೂರೂ ನಿಲ್ಲದೆ ಇದ್ದದ್ದಕ್ಕೆ ಅಂತ ನಮಗನ್ನಿಸುತ್ತೆ. ಅವು ನಿಂತುಹೋದಾಗಲೇ ಹಳೆಯ ಮೈಸೂರು ತಂಡ ಅರ್ಧ ಶತಮಾನ ಮಲಗಿತು.

ನಮ್ಮ ಎರಡು ತಾಲ್ಲೂಕುಗಳಿಗೆ ಇದರಿಂದೇನು ಅನ್ನುತ್ತೀರಾ? ನರಸೀಪುರ ತಾಲ್ಲೂಕಿನ ಕುರುಬೂರಿಗೆ ಹೋಗಿ ಕೇಳಿ. ಅದು ಫುಟ್‌ಬಾಲ್ ಅಲ್ಲ, ಖೋ-ಖೋ. ಆ ಊರಿನ ರೈತ ಕುಟುಂಬದ ಹುಡುಗಿ ಬಿ. ಚೈತ್ರಾ ಇದ್ದ ಭಾರತ ತಂಡ 2025ರ ಜನವರಿಯಲ್ಲಿ ದೆಹಲಿಯಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದಿತು. ದೊಡ್ಡ ಕ್ರೀಡಾಂಗಣ ಇದ್ದ ಊರಲ್ಲ ಅದು. ಶಾಲೆಯ ಅಂಗಳದಿಂದ ಶುರುವಾದ ಓಟ.

ಫುಟ್‌ಬಾಲ್‌ನಲ್ಲಿ ನಾವು ಮಾಡೋದು ಬೇರೆ. ಕ್ರೀಡಾಕೂಟಕ್ಕೆ ಒಂದು ವಾರ ಇರುವಾಗ ಓಡೋಕೆ ಬರುವ ಹನ್ನೊಂದು ಹುಡುಗರನ್ನು ಹಿಡಿದು ತರುತ್ತೇವೆ. ಕಬಡ್ಡಿಯವನು ಗೋಲ್‌ಕೀಪರ್, ವಾಲಿಬಾಲ್‌ನವನು ಡಿಫೆಂಡರ್. ಬೆಳಗ್ಗೆ ಹೋಗಿ, ಮೊದಲ ಪಂದ್ಯ ಸೋತು, ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್. ಮುಂದಿನ ಪಂದ್ಯ ಇನ್ನೊಂದು ವರ್ಷಕ್ಕೆ. ವರ್ಷಕ್ಕೊಂದು ಪಂದ್ಯ ಆಡುವವರಿಗೆ 'ನಿಮ್ಮ ಕೈಲಾಗಲ್ಲ ಬಿಡ್ರೋ' ಅನ್ನೋದು ಸುಲಭ. ನಂಜನಗೂಡು, ನರಸೀಪುರ ಎರಡರಲ್ಲೂ ನಾಲ್ಕು ನಾಲ್ಕು ಊರಿನ ಹುಡುಗರು ಸೇರಿ, ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು ಭಾನುವಾರಗಳಲ್ಲಿ ಆಡಿದರೆ ತಂಡಕ್ಕೆ ಹತ್ತು ಪಂದ್ಯವಾದರೂ ಸಿಗುತ್ತೆ. ಖರ್ಚು ಎರಡು ಚೆಂಡು, ಒಂದು ಪಂಪು, ಗೋಲಿಗೆ ನಾಲ್ಕು ಬಿದಿರು ಗಳು.

ಅದರಾಚೆಗೆ ಬೆಳೆಯಬೇಕಾದ ಹುಡುಗನಿಗೆ ಮೈಸೂರೇ ಗತಿ. ನಂಜನಗೂಡಿನಿಂದ ಸುಮಾರು 25 ಕಿಲೋಮೀಟರ್, ರೈಲಾದರೂ ಇದೆ. ನರಸೀಪುರದಿಂದ ಸುಮಾರು 30, ರೈಲಿಲ್ಲ. ಸಂಜೆ ಅಭ್ಯಾಸ ಮುಗಿಸಿ ಅಲ್ಲಿಂದ ಹೊರಟರೆ ತಿ. ನರಸೀಪುರ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತೆ. ಅಲ್ಲಿಂದ ಮುಂದೆ ಹಳ್ಳಿಗೆ ಹೋಗೋ ಕೊನೆ ಬಸ್ ಎಷ್ಟು ಗಂಟೆಗೆ ಅಂತ ಆ ಹುಡುಗನ ಅವ್ವ ಕೇಳುತ್ತಾರೆ.