ತೊರವಿಯ ನವರಸಪುರವೂ ತೊರವೆ ರಾಮಾಯಣವೂ

ಒಬ್ಬನ ಬಾಯಿಂದ ಹೊರಟ ನುಡಿಯು ಹಲವರ ನಡೆವಳಿಯಲ್ಲಿ ಬೇರೂರುವ ಬಗೆಯನ್ನು ವಿಚಾರಿಸುವವರಿಗೆ ವಿಜಯಪುರದ ಪಶ್ಚಿಮಕ್ಕಿರುವ ತೊರವಿ ಗ್ರಾಮವು ಎರಡು ನಿದರ್ಶನಗಳನ್ನು ಒದಗಿಸುತ್ತದೆ. ಒಂದು ಅರಮನೆಯಿಂದ ಹೊರಟುದು. ಮತ್ತೊಂದು ನರಸಿಂಹನ ಸನ್ನಿಧಿಯಿಂದ.

ಎರಡನೆಯ ಇಬ್ರಾಹಿಂ ಆದಿಲಶಾಹನು (ಆಳ್ವಿಕೆ 1580-1627) 1599ರಲ್ಲಿ ಇಲ್ಲಿ ನವರಸಪುರವೆಂಬ ನಗರವನ್ನು ಕಟ್ಟತೊಡಗಿದನು. 'ನವರಸ'ವೆಂಬ ಪದವು ಸಂಸ್ಕೃತಜ್ಞರಿಗೆ ಅಲಂಕಾರಶಾಸ್ತ್ರದ ಒಂಬತ್ತು ರಸಗಳನ್ನೂ, 'ನೌರಸ್' ಎಂಬ ಉಚ್ಚಾರಣೆಯಲ್ಲಿ ಪಾರಸೀಕರಿಗೆ ಹೊಸತಾಗಿ ಮಾಗಿದ ಫಲವನ್ನೂ ಸೂಚಿಸುತ್ತಿದ್ದಿತು. ಹೀಗೆ ಉಭಯರಿಗೂ ಒಪ್ಪಿತವಾದುದರಿಂದ ಅದು ಬಹುಬೇಗನೆ ಹಬ್ಬಿತು. ಅರಸನ ಗೀತಸಂಗ್ರಹವು 'ಕಿತಾಬ್-ಎ-ನೌರಸ್' ಆಯಿತು. ಅರಮನೆ, ನಾಣ್ಯ, ಉತ್ಸವಗಳಿಗೂ ಅದೇ ಹೆಸರು ಬಂದಿತು. ಫರಿಷ್ತನ ಇತಿಹಾಸಗ್ರಂಥವೂ 'ನೌರಸ್‌ನಾಮಾ' ಎಂದು ಕರೆಯಿಸಿಕೊಂಡಿತು. ಆದರೆ 1624ರಲ್ಲಿ ಮಲಿಕ್ ಅಂಬರನು ನಗರವನ್ನು ಸೂರೆಗೊಂಡನು. ಅರಸನೊಡನೆ ಆ ಹೆಸರಿನ ವ್ಯವಹಾರವೂ ಅಡಗಿತು. ಸಂಗೀತಮಹಲಿನ ಅವಶೇಷಗಳು ನಿಂತಿವೆ.

ಇದಕ್ಕೆ ಸುಮಾರು ಒಂದು ಶತಮಾನ ಮುಂಚೆಯೇ, ಕುಮಾರವಾಲ್ಮೀಕಿಯೆಂದು ಪ್ರಸಿದ್ಧನಾದ ನರಹರಿಯು ಇದೇ ಊರಿನ ನರಸಿಂಹನ ಅಂಕಿತದಲ್ಲಿ ರಾಮಾಯಣವನ್ನು ರಚಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಅದಕ್ಕೆ ರಾಜಾಜ್ಞೆಯ ಬೆಂಬಲವಿರಲಿಲ್ಲ, ಭಾಮಿನೀಷಟ್ಪದಿಯ ಬಲವಿದ್ದಿತು. ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುವ ಈ ಛಂದಸ್ಸು ಅಕ್ಷರವರಿಯದವರ ನೆನಪಿನಲ್ಲಿಯೂ ನಿಲ್ಲಬಲ್ಲುದು. ಒಬ್ಬರು ಗಮಕದಿಂದ ವಾಚಿಸಿ ಇನ್ನೊಬ್ಬರು ಅರ್ಥವಿವರಿಸುವ ಪದ್ಧತಿಯಿಂದ ಕಾವ್ಯವು ಶ್ರೋತೃಗಳಿಗೆ ತಲಪುತ್ತಿದ್ದಿತು. ಕೇಳಿದವರು ರಾಮನ ಕಥೆಯೊಡನೆ, ಅಣ್ಣತಮ್ಮಂದಿರು ಹೀಗೆ ನಡೆಯತಕ್ಕದ್ದೆಂಬ ಮಾದರಿಯನ್ನೂ ಮನೆಗೆ ಒಯ್ದರು.

ಕಾಲಾಂತರದಲ್ಲಿ ಕಾವ್ಯವು ಕರಾವಳಿಯನ್ನು ಸೇರಿತು. ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇದಕ್ಕೆ ಋಣಿಯಾಗಿವೆಯೆಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಅಲ್ಲಿ ಷಟ್ಪದಿಯು ಹಾಗೆಯೇ ಉಳಿಯಲಿಲ್ಲ. ಭಾಗವತನ ತಾಳಕ್ಕೂ ವೇಷಧಾರಿಯ ಹೆಜ್ಜೆಗೂ ಹೊಂದುವ ಪದಗಳಾಗಿ ಮಾರ್ಪಟ್ಟಿತು. ಈ ಮಾರ್ಪಾಡನ್ನು ಮೂಲಕ್ಕೆ ಬಂದ ಹಾನಿಯೆಂದು ಎಣಿಸಲಾಗದು. ಕಥೆಯು ಹೊಸ ನಾಡಿನಲ್ಲಿ ಬದುಕಿದುದು ಅದರಿಂದಲೇ.

ಅರಸನ ಪ್ರಯತ್ನವು ಕೇವಲ ನಿಷ್ಫಲವಾಯಿತೆನ್ನುವುದೂ ಯುಕ್ತವಲ್ಲ. ಕೋಟೆಕೊತ್ತಲಗಳು ಕುಸಿದರೂ ಕಿತಾಬ್-ಎ-ನೌರಸಿನ ರಾಗಬದ್ಧ ಗೀತಗಳು ಹಸ್ತಪ್ರತಿಗಳಲ್ಲಿ ಉಳಿದುಬಂದವು. ಆದುದರಿಂದ ಅರಮನೆ, ಗುಡಿಗಳ ಭೇದವೇ ಇಲ್ಲಿ ನಿರ್ಣಾಯಕವಲ್ಲ. ಪ್ರಭುತ್ವವು ಒಂದು ನುಡಿಯನ್ನು ನಾಣ್ಯದ ಮೇಲೆ ಅಚ್ಚೊತ್ತಿಸಬಲ್ಲುದು. ಎರಡು ನಿದರ್ಶನಗಳಲ್ಲಿಯೂ ಕೊನೆಗೆ ಉಳಿದುದಾದರೋ, ಹಾಡಲು ಬಂದ ಭಾಗವೇ.